ಕೂದಲಲ್ಲಿ ಸೀಸ ಅಳೆಯೋಕೆ ನೂರು ಜನ ಸಾಕಾ, ಇನ್ನೂರು ಬೇಕಾ?

ಮೈಗೆ ಎಷ್ಟು ಸೀಸ ಸೇರಿದೆ ಅಂತ ಕೂದಲಿಂದ ತಿಳಿಯೋಕೆ ಎಷ್ಟು ಜನರ ಸ್ಯಾಂಪಲ್ ಬೇಕು ಅಂತ ಕೇಳೋರಿಗೆ ಈ ಮಾತು. ಬೆಂಗಳೂರಿನ ಪೀಣ್ಯ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಾನೂ ಎಮ್ಮೆಸ್ಸಿ ಪ್ರಾಜೆಕ್ಟಿಗೆ ಇದನ್ನೇ ಮಾಡೋಕೆ ಹೋಗಿ ಒಂದು ವರ್ಷ ಕಳ್ಕೊಂಡೆ, ಅದಕ್ಕೇ ಬರೀತಿದೀನಿ.

ಮನೆಮನೆಗೆ ಹೋದ್ರೆ ಯಾರೂ ಕೂದಲು ಕೊಡಲ್ಲ, ಮಾಟಗೀಟ ಮಾಡ್ತಾರೇನೋ ಅನ್ನೋ ಭಯ, ಒಬ್ರು ಅಜ್ಜಿಯಂತೂ ಬಾಗಿಲೇ ಹಾಕ್ಕೊಂಡ್ರು. ಆಗ ಸುಲಭದ ದಾರಿ ಹಿಡಿದೆ. ಮೂರು ಸಲೂನಿಗೆ ಹೋಗಿ, ಕಟಿಂಗ್ ಮಾಡಿಸ್ಕೊಂಡೋರನ್ನ ಕೇಳಿ, ಹೊದಿಸಿದ ಬಟ್ಟೆ ಮೇಲೆ ಬಿದ್ದ ಕೂದಲನ್ನ ಕವರಿಗೆ ತುಂಬ್ಕೊಂಡು ಬಂದೆ. ತಪ್ಪಾಗಿದ್ದು ಇಲ್ಲೇ. ಕೂದಲು ತಿಂಗಳಿಗೆ ಹೆಚ್ಚುಕಮ್ಮಿ 1 ಸೆಂಟಿಮೀಟರ್ ಬೆಳೆಯುತ್ತೆ, ಬುಡದ 3 ಸೆಂಟಿಮೀಟರ್ ಅಂದ್ರೆ ಹಿಂದಿನ ಮೂರು ತಿಂಗಳ ಲೆಕ್ಕ. ಸಲೂನಲ್ಲಿ ಉದುರೋದು ತುದಿ, ಅದು ಎಷ್ಟೋ ತಿಂಗಳಿಂದ ಹೊಗೆ, ಧೂಳು, ಬೋರ್‌ವೆಲ್ ನೀರು, ಕಪ್ಪು ಡೈ ಎಲ್ಲಾ ಹಿಡ್ಕೊಂಡಿರುತ್ತೆ, ಮೇಲಾಗಿ ಒಂದು ಸಲ ಉದುರಿದ ಮೇಲೆ ಬುಡದ ಕಡೆ ಯಾವುದು ತುದಿ ಯಾವುದು ಅಂತಾನೂ ಗೊತ್ತಾಗಲ್ಲ. ತಲೆ ಹಿಂಭಾಗದಲ್ಲಿ ಚರ್ಮಕ್ಕೆ ತಾಗೋ ಹಾಗೆ ಕತ್ತರಿಸಿ, ಬುಡದ ಕಡೆ ಒಂದು ದಾರ ಕಟ್ಬೇಕಿತ್ತು. ಒಂದು ದಾರ ಅಷ್ಟೆ! ಡೈ ಹಾಕ್ತೀರಾ ಅಂತಾನೂ ಯಾರನ್ನೂ ಕೇಳಿರ್ಲಿಲ್ಲ.

ಅಸಿಟೋನಲ್ಲಿ ತೊಳೆದು, ನೈಟ್ರಿಕ್ ಆಸಿಡ್ಡಲ್ಲಿ ಕರಗಿಸಿ, ಐಸಿಪಿ-ಎಂಎಸ್‌ಗೆ (ಲೋಹ ಎಷ್ಟಿದೆ ಅಂತ ಅಳೆಯೋ ಮೆಷಿನ್) ಕೊಟ್ಟೆ. ಸೀಸ ಜಾಸ್ತಿನೇ ಬಂತು. ನನ್ನ ಗೈಡ್ ಆ ರಿಸಲ್ಟ್ ಶೀಟ್ ನೋಡಿ ಕೇಳಿದ್ದು ಒಂದೇ ಮಾತು, "ಇದು ಮೈಯೊಳಗಿಂದ ಬಂದಿದ್ದಾ, ಹೊರಗಿಂದ ಅಂಟಿದ್ದಾ?" ನನ್ನತ್ರ ಉತ್ತರ ಇರ್ಲಿಲ್ಲ. ಎರಡು ಸಲ ತೊಳೆದ್ರೆ ಒಂದು ನಂಬರ್, ನಾಲ್ಕು ಸಲ ತೊಳೆದ್ರೆ ಇನ್ನೊಂದು.

ಅದಕ್ಕೇ ಹೇಳ್ತೀನಿ, ನೂರೋ ಇನ್ನೂರೋ ಅನ್ನೋದು ಬಿಡಿ, ಸೀಸಕ್ಕೆ ಕೂದಲೇ ಬೇಡ, ರಕ್ತ ತೆಗೀರಿ. 1990ರ ದಶಕದ ಕೊನೇಲಿ, ಸೀಸದ ಪೆಟ್ರೋಲ್ ನಿಲ್ಲೋ ಮುಂಚೆ, ನಮ್ಮ ದೊಡ್ಡ ಸಿಟಿಗಳಲ್ಲಿ ಪರೀಕ್ಷೆ ಮಾಡಿದ ಮಕ್ಕಳಲ್ಲಿ ಅರ್ಧಕ್ಕರ್ಧ ಡೆಸಿಲೀಟರ್ (100 ಮಿ.ಲೀ.) ರಕ್ತಕ್ಕೆ 10 ಮೈಕ್ರೋಗ್ರಾಂ ಸೀಸ, ಅಂದ್ರೆ ಆಗಿನ ಎಚ್ಚರಿಕೆ ಮಟ್ಟ, ದಾಟಿದ್ರು ಅಂತ ಗೊತ್ತಾಗಿದ್ದು ರಕ್ತದಿಂದ. ಕೂದಲೇ ಬೇಕು ಅಂತಿದ್ರೆ ಲೋಹ ಬದಲಾಯಿಸಿ, ಮಂಗಳೂರು ಕಡೆ ದಿನಾ ಮೀನು ತಿನ್ನೋರಲ್ಲಿ ಪಾದರಸ ನೋಡಿ. ಮೀನಲ್ಲಿರೋ ಪಾದರಸದ ರೂಪ, ಮೀಥೈಲ್ ಪಾದರಸ, ಕೂದಲು ಹುಟ್ಟೋವಾಗ್ಲೇ ಕೂದಲಲ್ಲಿರೋ ಗಂಧಕಕ್ಕೆ ಕಚ್ಕೊಳ್ಳುತ್ತೆ, ಆಮೇಲೆ ಬಿಡಲ್ಲ.

ರಕ್ತ ಯಾರು ಕೊಡ್ತಾರೆ ಅಂತ ಹೆದರ್ಬೇಡಿ. ಎಥಿಕ್ಸ್ ಕಮಿಟಿ ಒಪ್ಪಿದ ಮೇಲೆ ಲ್ಯಾಬ್ ಟೆಕ್ನಿಷಿಯನ್ ಜೊತೆ ಏರಿಯಾದ ಆಶಾ ಅಕ್ಕನನ್ನೂ ಕರ್ಕೊಂಡು ಅದೇ ಬೀದಿಗೆ ಹೋದೆ. ಕೂದಲು ಕೊಡದೆ ಬಾಗಿಲು ಹಾಕ್ಕೊಂಡಿದ್ದ ಅಜ್ಜಿ, "ಟೆಸ್ಟಾ? ಮೊಮ್ಮಗೂಗೂ ಮಾಡಪ್ಪ" ಅಂತ ರವಿಕೆ ತೋಳು ಮೇಲಕ್ಕೆ ಮಡಚಿ ಕೈ ಚಾಚಿದ್ರು.