ಅಜ್ಜನ ತೂಗುಮಂಚಕ್ಕೆ ಪಾಲಿಶ್ ಮಾಡಿಸಬೇಕಾ?

ಪ್ರಶ್ನೆ: ಉಡುಪಿ ಹತ್ತಿರದ ನಮ್ಮ ಹಳೇ ಮನೆ ಪಾಲಾದಾಗ ಚಾವಡಿಯ ತೂಗುಮಂಚ ನನಗೆ ಬಂತು. ಅದರ ಹಿತ್ತಾಳೆ ಸರಪಳಿಯಲ್ಲಿ ಆನೆ, ಗಿಳಿಗಳಿವೆ. ಮನೆಯ ದೈವದ ಕೋಣೆಯಲ್ಲೂ ಇಂಥದ್ದೇ ಚಿಕ್ಕ ಮಂಚವೊಂದು ತೂಗುತ್ತದೆ. ಅಲ್ಲೇಕೆ ಮಂಚ? ಅಂಗಡಿಯವರೊಬ್ಬರು "ಇದು ಮೈಸೂರು ಅರಮನೆ ಶೈಲಿ, ಬೀಟೆ ಮರ, ಪಾಲಿಶ್ ಮಾಡಿಸಿದರೆ ಬೆಲೆ ಜಾಸ್ತಿ" ಅನ್ನುತ್ತಾರೆ. ದುಬೈನಲ್ಲಿರುವ ತಮ್ಮ ತನಗೆ ಕಳಿಸು ಅನ್ನುತ್ತಿದ್ದಾನೆ. ಫೋಟೋ ಕಳಿಸಿದ್ದೇನೆ.

ಉತ್ತರ: ಪಾಲಿಶ್ ಮಾತು ಆಮೇಲೆ. ನಿಮ್ಮ ಪತ್ರದಲ್ಲಿ ನನ್ನ ಕಣ್ಣು ಮೊದಲು ಹೋಗಿದ್ದು ಆ ಚಿಕ್ಕ ಮಂಚದ ಕಡೆಗೆ.

ಯಾರು ಎಲ್ಲಿ ಕೂರುತ್ತಾರೆ ಅನ್ನೋದರಲ್ಲೇ ಅಂತಸ್ತು ಗೊತ್ತಾಗುತ್ತಿದ್ದ ಕಾಲ ಅದು. ಚಾಪೆಗೆ ಒಂದು ಮರ್ಯಾದೆ, ಮಣೆಗೆ ಇನ್ನೊಂದು. ಚಾವಡಿಯ ತೂಗುಮಂಚ ಯಜಮಾನರದ್ದು. ಬಂದವರು ಸುಮ್ನೆ ಹೋಗಿ ಕೂರುವ ಹಾಗಿರಲಿಲ್ಲ. ತುಳುನಾಡಿನಲ್ಲಿ ದೈವ ಅಂದರೆ ನ್ಯಾಯ ಹೇಳುವ ಒಡೆಯ ಅಲ್ವಾ? ಹಾಗಾಗಿ ಅದಕ್ಕೂ ಒಡೆಯನ ಆಸನವೇ ಆಗಬೇಕು. ದೈವದ ಮಂಚದ ಮೇಲೆ ಮನುಷ್ಯರು ಕೂರುವುದಿಲ್ಲ. ಅಲ್ಲಿ ಮೊಗ (ದೈವದ ಮುಖವಾಡ), ಕಡ್ಸಲೆ (ದೈವದ ಕತ್ತಿ), ಗಂಟೆ ಇಡುತ್ತಾರೆ. ಪಂಜುರ್ಲಿ ದೈವಕ್ಕೆ ಹಂದಿಯ ಮೊಗ, ಮೈಸಂದಾಯ ದೈವಕ್ಕೆ ಕೋಣನ ಮೊಗ. ಕಂಚಿನದ್ದು, ಹಿತ್ತಾಳೆಯದ್ದು ಇರುತ್ತವೆ. ಅನುಕೂಲಸ್ಥರು ಬೆಳ್ಳಿಯದ್ದು ಮಾಡಿಸಿ ಒಪ್ಪಿಸುತ್ತಾರೆ. ಕೋಲದ ದಿನ, ಅಂದರೆ ದೈವದ ನರ್ತನ ಸೇವೆಯ ದಿನ, ಭಂಡಾರ (ದೈವದ ಈ ಮೊಗ, ಆಯುಧಗಳೆಲ್ಲ) ಮೆರವಣಿಗೆಯಲ್ಲಿ ಹೊರಟಾಗ ಅದನ್ನು ಊರೆಲ್ಲ ನೋಡುತ್ತದೆ. ಭಕ್ತಿಯೂ ಅಲ್ಲೇ, ಮನೆತನದ ಗತ್ತೂ ಅಲ್ಲೇ. ನಿಮ್ಮ ಎರಡೂ ಮಂಚಗಳು ಒಂದು ಜೋಡಿ ಅಂತಲೇ ನಾನು ನೋಡುತ್ತೇನೆ.

ಇನ್ನು ಅರಮನೆ ಕಥೆ. ಮೈಸೂರು ಕೆಲಸದ ಗುರುತು ಅಂದರೆ ಬೀಟೆ ಮರದಲ್ಲಿ ಕೊರೆದು ಕೂರಿಸಿದ ಚಿತ್ತಾರ. ಹಿಂದೆ ಆನೆದಂತ ಕೂರಿಸುತ್ತಿದ್ದರು, ಈಗ ಬೇರೆ ಬಣ್ಣದ ಮರದ ಚೂರುಗಳು. ಮೈಸೂರು ಅರಮನೆಯ ಅಂಬಾವಿಲಾಸ ಸಭಾಂಗಣದ ಬಾಗಿಲುಗಳಲ್ಲಿ ದಂತದ ಕೆಲಸ ನೋಡಬಹುದು. ನಿಮ್ಮ ಫೋಟೋದಲ್ಲಿ ಅಂಥದ್ದೇನೂ ಇಲ್ಲ. ಹಲಗೆಯ ಅಡಿಯಲ್ಲಿ, ಕಾಣದ ಮೂಲೆಯಲ್ಲಿ, ಚೂರೇ ಚೂರು ಕೆರೆದು ನೋಡಿ. ಹಳದಿ ಕಂಡರೆ ಹಲಸು. ಹಲಸಿನ ಮರ ವರ್ಷ ಕಳೆದಂತೆ ಕಂದು ತಿರುಗುತ್ತದೆ, ಅದಕ್ಕೇ ಎಷ್ಟೋ ಜನ ಬೀಟೆ ಅಂದುಕೊಳ್ಳುತ್ತಾರೆ. ಹಲಸಾದರೆ ಬೇಜಾರು ಬೇಡ. ಹಿತ್ತಲ ಮರ, ಊರಿನ ಆಚಾರಿಯ ಕೈಕೆಲಸ. ಅರಮನೆಯ ಹೆಸರಿಗಿಂತ ಅದು ನನಗೆ ದೊಡ್ಡದು.

ಸರಪಳಿಯನ್ನು ಬೆಳಕಿಗೆ ಹಿಡಿದು ನೋಡಿ. ಮೇಣದಲ್ಲಿ ಗೊಂಬೆ ಮಾಡಿ, ಮಣ್ಣು ಮೆತ್ತಿ, ಮೇಣ ಕರಗಿಸಿ, ಅದೇ ಜಾಗಕ್ಕೆ ಲೋಹ ಹೊಯ್ಯುವುದು ಹಳೇ ಪದ್ಧತಿ. ಅಚ್ಚನ್ನು ಪ್ರತಿಸಲ ಒಡೆಯಲೇಬೇಕು. ಹಾಗಾಗಿ ಕೈಯಲ್ಲಿ ತಿದ್ದಿದ ಎರಡು ಗಿಳಿಗಳ ಕೊಕ್ಕು ಒಂದೇ ಥರ ಇರೋದು ಕಷ್ಟ. ಆಮೇಲೆ ಕೊಂಡಿಗೆ ಕೊಂಡಿ ಉಜ್ಜುವ ಒಳಮೈ ನೋಡಿ. ತೂಗಿ ತೂಗಿ ಅಲ್ಲಿ ಸವೆದು ಹೊಳಪು ಬಂದಿರಬೇಕು. ಎಲ್ಲಾ ಕಡೆ ಒಂದೇ ಸಮ ಕಪ್ಪಾಗಿದ್ದರೆ ಅನುಮಾನ ಪಡಿ.

ದಿನಾ ಹಚ್ಚುವ ದೀಪವನ್ನು ಹುಣಸೆಹಣ್ಣಲ್ಲಿ ತೊಳೆಯಿರಿ, ತಪ್ಪಿಲ್ಲ. ಈ ಸರಪಳಿಗೆ ಮಾತ್ರ ಹುಳಿ ತಾಗಿಸಬೇಡಿ, ಪಾಲಿಶ್ ಚಕ್ರಕ್ಕಂತೂ ಕೊಡಲೇಬೇಡಿ. ಆನೆಯ ಕಣ್ಣು, ಗಿಳಿಯ ಗರಿ ಎಲ್ಲಾ ಉಜ್ಜಿ ಹೋಗುತ್ತವೆ. ಒಣ ಹತ್ತಿಬಟ್ಟೆ ಸಾಕು. ಎಳೆ ಹಸಿರು ಪುಡಿ ಏಳುತ್ತಿದ್ದರೆ ಅದು ಉಪ್ಪಿನ ಕಾಟ. ಲೋಹ ಸಂರಕ್ಷಣೆ ಗೊತ್ತಿರುವವರಿಗೇ ತೋರಿಸಿ.

ದುಬೈಗೆ ಕಳಿಸುವ ಮಾತು: 100 ವರ್ಷ ದಾಟಿದ ಇಂಥ ವಸ್ತುಗಳು 1972ರ ಕಾಯಿದೆ ಪ್ರಕಾರ ಪುರಾತನ ವಸ್ತು. ಖಾಸಗಿಯವರು ಹೊರದೇಶಕ್ಕೆ ಸಾಗಿಸುವ ಹಾಗಿಲ್ಲ. ತಮ್ಮ ಊರಿಗೆ ಬಂದಾಗ ಅದರ ಮೇಲೇ ಕೂರಲಿ. ಆದರೆ ಮತ್ತೆ ತೂಗುಹಾಕುವ ಮೊದಲು ಸವೆದ ಕೊಂಡಿಗಳು ಭಾರ ತಡೆಯುತ್ತವಾ ಅಂತ ಒಂದೊಂದಾಗಿ ಪರೀಕ್ಷೆ ಮಾಡಿಸಿ.