ತವರಿನ ಹೆಸರೇ ಗೊತ್ತಿಲ್ಲದ ಪೂರ್ವಿಕಳು

ಪ್ರಶ್ನೆ: ನಮ್ಮ ವಂಶದ ಹಿರಿಯಳೊಬ್ಬಳು 1840ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದವಳು. ಆಕೆಯ ಮದುವೆಯ ನಂತರದ ಹೆಸರು ಮಾತ್ರ ಗೊತ್ತು. ತವರನ್ನು ಪತ್ತೆಹಚ್ಚುವುದು ಹೇಗೆ?

ಉತ್ತರ: ಆಕೆಯನ್ನು ಬಿಟ್ಟು ಮೊದಲು ಆಕೆಯ ಮಕ್ಕಳನ್ನು ಹುಡುಕಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಜನನ, ಮದುವೆ, ಮರಣಗಳ ಸರ್ಕಾರಿ ನೋಂದಣಿ ಶುರುವಾದದ್ದು 1837ರ ಜುಲೈ 1ರಂದು. ಮಗುವಿನ ಜನನ ಪ್ರಮಾಣಪತ್ರದಲ್ಲಿ ತಾಯಿಯ ತವರು ಮನೆತನದ ಹೆಸರಿರುತ್ತದೆ. ಜನನಗಳ ಹಳೆಯ ಸೂಚಿಗಳಲ್ಲಿ (ಹೆಸರುಪಟ್ಟಿಗಳಲ್ಲಿ) ಅದು 1911ರಿಂದಷ್ಟೇ ಸಿಗುತ್ತದೆ; ಈ ನೋಂದಣಿಯ ಸರ್ಕಾರಿ ಕಚೇರಿಯಾದ ಜನರಲ್ ರಿಜಿಸ್ಟರ್ ಆಫೀಸಿನ ಆನ್‌ಲೈನ್ ಸೂಚಿಯಲ್ಲಾದರೆ 1837ರಿಂದಲೇ ಇದೆ. ಹಾಗಾಗಿ ಎರಡನೆಯದನ್ನೇ ನೋಡಿ. 1875ಕ್ಕೆ ಮುಂಚೆ ಕೆಲವು ಜನನಗಳು ನೋಂದಣಿಯಾಗದೆ ಉಳಿದಿವೆ. ಒಂದು ಮಗು ಸಿಗದಿದ್ದರೆ ಅದರ ಒಡಹುಟ್ಟಿದವರನ್ನು ಹುಡುಕಿ.

ಆಮೇಲೆ ಮದುವೆಯ ಪ್ರಮಾಣಪತ್ರ. ಅದರಲ್ಲಿ ವಧುವಿನ ತಂದೆಯ ಹೆಸರು, ಕಸುಬು ಇರುತ್ತವೆ. ತಾಯಿಯ ಹೆಸರಿಗೆ ಜಾಗವೇ ಇರಲಿಲ್ಲ. ವಯಸ್ಸಿನ ಜಾಗದಲ್ಲಿ ಬರೀ ‘ಫುಲ್ ಏಜ್’ ಎಂದಿದ್ದರೆ 21 ತುಂಬಿದೆ ಎಂದಷ್ಟೇ ಅರ್ಥ. ಇಲ್ಲೇ ಬಹಳ ಜನ ಎಡವುವುದು: ವಧು ವಿಧವೆಯಾಗಿದ್ದರೆ ಅಲ್ಲಿರುವುದು ಸಾಮಾನ್ಯವಾಗಿ ಮೊದಲ ಗಂಡನ ಮನೆತನದ ಹೆಸರು. ತಂದೆಯ ಹೆಸರಿನೊಂದಿಗೆ ಅದು ಹೊಂದದಿದ್ದರೆ ಹಿಂದಿನ ಮದುವೆಯೊಂದನ್ನು ಹುಡುಕಬೇಕು.

ಹುಟ್ಟೂರಿಗೆ 1851ರಿಂದೀಚಿನ ಜನಗಣತಿ ಹಾಳೆಗಳೇ ಆಧಾರ. 1841ರದರಲ್ಲಿ ಊರಿನ ಹೆಸರಿಲ್ಲ, 15 ದಾಟಿದವರ ವಯಸ್ಸನ್ನು ಬಹುಪಾಲು ಐದರ ಲೆಕ್ಕಕ್ಕೆ ಇಳಿಸಿದ್ದಾರೆ. ಕಸುಬಿನ ಅಂಕಣ ಖಾಲಿಯಿದ್ದ ಮಾತ್ರಕ್ಕೆ ಆಕೆ ದುಡಿಯುತ್ತಿರಲಿಲ್ಲ ಎನ್ನಬೇಡಿ. ಮದುವೆಯಾದ ಹೆಂಗಸರ ದುಡಿಮೆಯನ್ನು ಗಣತಿಯವರು ಎಷ್ಟೋ ಸಲ ಬರೆದುಕೊಳ್ಳುತ್ತಲೇ ಇರಲಿಲ್ಲ.