ಮೇಪಲ್ ರಸಕ್ಕೆ ಸಣ್ಣ ಆರ್‌ಓ: ಓದುಗರ ಪ್ರಶ್ನೆಗಳಿಗೆ ಉತ್ತರ

ರಾತ್ರಿ ಹೆಪ್ಪುಗಟ್ಟುವ ಚಳಿ, ಹಗಲು ಮಂಜು ಕರಗಿಸುವ ಬಿಸಿಲು. ವರ್ಮಾಂಟ್, ನ್ಯೂಯಾರ್ಕ್, ಒಂಟಾರಿಯೊ, ಕ್ವಿಬೆಕ್ ಕಡೆ ಸುಮಾರು ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಮೇಪಲ್ ಮರ ರಸ ಬಿಡುವುದು ಇಂಥ ದಿನಗಳಲ್ಲೇ. ಅಲ್ಲಿ ಹಿತ್ತಲಲ್ಲಿ ಮರಗಳಿಗೆ ಹತ್ತಿಪ್ಪತ್ತು ನಳಿಕೆ ಹೊಡೆದು ಸಿರಪ್ ಕಾಯಿಸುವವರ ಪ್ರಶ್ನೆಗಳನ್ನು ಈ ಸಲ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಹದಿನೈದು ನಳಿಕೆಗಳಿಂದ ಒಳ್ಳೆಯ ದಿನ ನೂರು ಲೀಟರ್ ಹತ್ತಿರ ರಸ ಸಿಗುತ್ತದೆ. ಅದನ್ನು ಬತ್ತಿಸುವಷ್ಟರಲ್ಲಿ ನಡುರಾತ್ರಿ. ಕಾಯಿಸುವ ಮೊದಲೇ ರಸದ ಒಂದಷ್ಟು ನೀರು ತೆಗೆಯಲು ಅಡುಗೆಮನೆಯ ಕುಡಿಯುವ ನೀರಿನ ಆರ್‌ಓ ಯಂತ್ರವನ್ನೇ ಹಚ್ಚಬಹುದೇ?

ಉತ್ತರ: ಹಚ್ಚಬಹುದು, ಆದರೆ ಇದ್ದ ಹಾಗೇ ಅಲ್ಲ. ಕುಡಿಯುವ ನೀರಿನ ಯಂತ್ರದಲ್ಲಿ ನಮಗೆ ಬೇಕಾದದ್ದು ಮೆಂಬ್ರೇನ್ (ಹೆಚ್ಚುಕಡಿಮೆ ನೀರನ್ನಷ್ಟೇ ಹಾಯಗೊಡುವ ತೆಳು ಪೊರೆ) ದಾಟಿ ಬಂದ ನೀರು, ಉಳಿದದ್ದು ಮೋರಿಗೆ. ಇಲ್ಲಿ ಲೆಕ್ಕ ತಿರುಗುಮುರುಗು. ಸಕ್ಕರೆ ಇರುವುದು ಮೋರಿಗೆ ಹೋಗುವ ಪೈಪಿನಲ್ಲೇ. ಹೊಸದಾಗಿ ಜೋಡಿಸಿಕೊಂಡವರು ಅಭ್ಯಾಸಬಲದಿಂದ ಆ ಪೈಪನ್ನು ಬಚ್ಚಲಿಗೆ ಬಿಟ್ಟು, ನೀರನ್ನು ಜೋಪಾನವಾಗಿ ಹಿಡಿದಿಟ್ಟುಕೊಳ್ಳುವುದೂ ಉಂಟು. ಆದ್ದರಿಂದ ಮೊದಲ ಕೆಲಸ, ಎರಡೂ ಪೈಪುಗಳಿಗೆ ಬೇರೆ ಬೇರೆ ಬಣ್ಣದ ಟೇಪು ಸುತ್ತುವುದು.

ಯಂತ್ರದಿಂದ ಕಾರ್ಬನ್ ಫಿಲ್ಟರುಗಳು, ಶೇಖರಣೆಯ ಟ್ಯಾಂಕು, ತಾನೇ ನಿಲ್ಲುವ ವಾಲ್ವ್, ಮೋರಿ ಪೈಪಿನೊಳಗಿನ ಹರಿವು ತಡೆಯುವ ಪುಟ್ಟ ತುಂಡು, ಇಷ್ಟನ್ನೂ ತೆಗೆಯಿರಿ. ಕಸ ಸೋಸುವ ಐದು ಮೈಕ್ರಾನಿನ ಸೆಡಿಮೆಂಟ್ ಫಿಲ್ಟರ್ ಇರಲಿ. ಅದರ ನಂತರ ಬೂಸ್ಟರ್ ಪಂಪ್ ಬರಬೇಕು. ಅದು 100 ಪಿಎಸ್‌ಐ (ಚದರ ಇಂಚಿಗೆ ಇಷ್ಟು ಪೌಂಡ್) ಒತ್ತಡದಲ್ಲೂ ನಿಮಿಷಕ್ಕೆ ಒಂದು ಲೀಟರಿಗೆ ಕಡಿಮೆಯಿಲ್ಲದಂತೆ ತಳ್ಳಬೇಕು. ಪಂಪಿನ ಮುಂದೆ ಮೆಂಬ್ರೇನುಗಳನ್ನು ಸಾಲಾಗಿ ಜೋಡಿಸಿ: ಮೊದಲನೆಯದರ ಸಾಂದ್ರ ರಸ (ನೀರು ಕಳೆದು ಉಳಿದ, ಸಕ್ಕರೆ ಹೆಚ್ಚಿದ ರಸ) ಎರಡನೆಯದಕ್ಕೆ, ಎರಡನೆಯದರದ್ದು ಮೂರನೆಯದಕ್ಕೆ. ಮೂರರಿಂದಲೂ ಬರುವ ನೀರಿನ ಪೈಪುಗಳನ್ನು ಒಟ್ಟುಗೂಡಿಸಬಹುದು. ಕೊನೆಯ ಸಾಂದ್ರ ರಸದ ಪೈಪಿಗೆ ಪ್ರೆಶರ್ ಗೇಜ್, ಅದರಾಚೆ ಹರಿವನ್ನು ತುಸುತುಸುವೇ ಬಿಗಿಹಿಡಿಯುವ ನೀಡಲ್ ವಾಲ್ವ್.

ಯಂತ್ರದ ಜೀವ ಇರುವುದೇ ಆ ವಾಲ್ವಿನಲ್ಲಿ. ಅದನ್ನು ಪೂರ್ತಿ ತೆರೆದಿಟ್ಟು ಪಂಪ್ ಹಾಕಿ. ಗಾಳಿಯೆಲ್ಲ ಹೋಗಿ ರಸ ಒಂದೇ ಸಮನೆ ಬಂದ ಮೇಲೆ ನಿಧಾನವಾಗಿ ತಿರುಗಿಸುತ್ತ ಒತ್ತಡವನ್ನು 80ರಿಂದ 100 ಪಿಎಸ್‌ಐಗೆ ತನ್ನಿ. ಈಗ ಒಂದೇ ಅಳತೆಯ ಎರಡು ಜಾಡಿಗಳನ್ನು ಎರಡೂ ಪೈಪುಗಳ ಕೆಳಗೆ ಒಮ್ಮೆಗೇ ಹಿಡಿಯಿರಿ. ಎರಡೂ ಸಮನಾಗಿ ತುಂಬಿದರೆ ಅರ್ಧ ನೀರು ಹೋಗಿದೆ, 2% ಇದ್ದ ಸಕ್ಕರೆ 4% ಆಗಿದೆ ಎಂದರ್ಥ. ವಾಲ್ವನ್ನು ಎಂದೂ ಪೂರ್ತಿ ಮುಚ್ಚಬೇಡಿ. ಹರಿಯುವ ರಸವೇ ಮೆಂಬ್ರೇನಿನ ಮೈ ತೊಳೆಯುತ್ತಿರುತ್ತದೆ. ಹರಿವು ನಿಂತರೆ ರಸದ ಕಸವೆಲ್ಲ ಅಲ್ಲೇ ಕೂರುತ್ತದೆ.

ಹೊಸ ಮೆಂಬ್ರೇನಿನಲ್ಲಿ ಕೆಡದಂತೆ ಹಾಕಿದ ರಾಸಾಯನಿಕ ಇರುವುದರಿಂದ ಮೊದಲು ಕ್ಲೋರಿನ್ ಇಲ್ಲದ ನೀರನ್ನು ಇಪ್ಪತ್ತು ಲೀಟರಿನಷ್ಟಾದರೂ ಹಾಯಿಸಿ ಚೆಲ್ಲಿ. ಇನ್ನೊಂದು ಮಾತು: ಪಂಪಿನ ಅಡಾಪ್ಟರ್ ನೆಲದ ಮೇಲೆ ಇರಬಾರದು. ಈ ಕೆಲಸದಲ್ಲಿ ನೆಲ ಒದ್ದೆಯಾಗದೆ ಇರುವುದಿಲ್ಲ.

ಪ್ರಶ್ನೆ: ರಸವನ್ನು ಮತ್ತೆ ಮತ್ತೆ ಯಂತ್ರಕ್ಕೆ ಬಿಟ್ಟು 12%, 15%ವರೆಗೂ ಏರಿಸಿದರೆ ಕಾಯಿಸುವ ಕೆಲಸವೇ ಉಳಿಯುವುದಿಲ್ಲವಲ್ಲ? ಎಲ್ಲಿಗೆ ನಿಲ್ಲಿಸಬೇಕು?

ಉತ್ತರ: ಸಣ್ಣ ಯಂತ್ರದಲ್ಲಿ 4%ಕ್ಕೆ ನಿಲ್ಲಿಸಿ. ತಾಳ್ಮೆ ಇದ್ದರೆ 6%. ಅದರಾಚೆಗಿನದು ದುರಾಸೆ ಎಂದೇ ನಮ್ಮ ಅಭಿಪ್ರಾಯ. ಕಾರಣ ಎರಡು.

ಮೇಪಲ್ ಕಾಯಿಸುವವರಲ್ಲಿ '86ರ ಸೂತ್ರ' ಎಂಬ ಹಳೆಯ ಲೆಕ್ಕವೊಂದಿದೆ. 86ನ್ನು ರಸದ ಸಕ್ಕರೆಯ ಶೇಕಡಾವಾರಿನಿಂದ ಭಾಗಿಸಿದರೆ ಒಂದು ಲೀಟರ್ ಸಿರಪ್ಪಿಗೆ ಎಷ್ಟು ಲೀಟರ್ ರಸ ಬೇಕೆಂದು ಸಿಗುತ್ತದೆ. ಗ್ಯಾಲನ್ನಿನಲ್ಲಿ ಅಳೆದರೂ ಲೆಕ್ಕ ಅದೇ. 2% ಇದ್ದರೆ 43 ಲೀಟರ್, 4% ಇದ್ದರೆ 21.5, 8% ಇದ್ದರೆ 11ರ ಆಸುಪಾಸು. ಅಂದರೆ ಮೊದಲ ದುಪ್ಪಟ್ಟಿನಲ್ಲೇ ಒಲೆಯ ಮೇಲಿನ 21 ಲೀಟರ್ ನೀರು ತಪ್ಪಿತು. ಎರಡನೆಯ ದುಪ್ಪಟ್ಟಿನಲ್ಲಿ ತಪ್ಪುವುದು ಇನ್ನೊಂದು 11 ಲೀಟರ್. ಮೂರನೆಯದರಲ್ಲಿ ಬರೀ ಐದು.

ಲಾಭ ಹೀಗೆ ಇಳಿಯುವಾಗ ಶ್ರಮ ಏರುತ್ತದೆ. ಸಕ್ಕರೆ ನೀರನ್ನು ತನ್ನ ಕಡೆ ಎಳೆದುಕೊಳ್ಳುವ ವಸ್ತು. ಆ ಎಳೆತವನ್ನು ಮೀರಿಸಿ ತಳ್ಳಿದರಷ್ಟೇ ನೀರು ಮೆಂಬ್ರೇನ್ ದಾಟುತ್ತದೆ. ತಣ್ಣಗಿನ ರಸದಲ್ಲಿ 2% ಸಕ್ಕರೆಯ ಎಳೆತ ಸುಮಾರು 20 ಪಿಎಸ್‌ಐ, 4%ಕ್ಕೆ 40, 8%ಕ್ಕೆ 85 ದಾಟುತ್ತದೆ. ನಿಮ್ಮ ಪಂಪ್ ಕೊಡುವುದೇ 100 ಎಂದಾದರೆ 8%ರ ಹೊತ್ತಿಗೆ ಕೆಲಸಕ್ಕೆ ಉಳಿಯುವುದು ಹದಿನೈದೇ. ಆಗ ಪಂಪ್ ಗಂಟೆಗಟ್ಟಲೆ ಗುಯ್‌ಗುಡುತ್ತದೆ, ನೀರು ತೊಟ್ಟಿಕ್ಕುತ್ತದೆ, ಸುತ್ತುತ್ತಿರುವ ರಸ ಬೆಚ್ಚಗಾಗಿ ಹುಳಿಯತ್ತ ಹೊರಳುತ್ತದೆ. ದೊಡ್ಡ ಉತ್ಪಾದಕರು 15%ಕ್ಕೂ ಮೇಲೇರಿಸುತ್ತಾರೆ ನಿಜ; ಅವರ ಪಂಪುಗಳು ನಿಮ್ಮದಕ್ಕಿಂತ ನಾಲ್ಕೈದು ಪಟ್ಟು ಒತ್ತಡದಲ್ಲಿ ದುಡಿಯುತ್ತವೆ.

ಸಾಂದ್ರ ರಸ ಹಸಿ ರಸಕ್ಕಿಂತ ಬೇಗ ಕೆಡುತ್ತದೆ ಎಂಬುದೂ ನೆನಪಿರಲಿ. ಒಲೆ ಹಚ್ಚುವ ದಿನವೇ ಯಂತ್ರ ಓಡಿಸಿ.

ಪ್ರಶ್ನೆ: ಮೆಂಬ್ರೇನಿನ ಮೇಲೆ ದಿನಕ್ಕೆ 150 ಗ್ಯಾಲನ್ ಎಂದಿದೆ. ಅಂಥ ಮೂರು ಹಾಕಿದರೂ ಗಂಟೆಗೆ 30 ಲೀಟರ್ ನೀರು ತೆಗೆಯುವುದೇ ಕಷ್ಟ. ಮೋಸವಾಯಿತೇ?

ಉತ್ತರ: ಮೋಸವಲ್ಲ, ಚಳಿ. ಆ ಅಂಕಿ 25 ಡಿಗ್ರಿ ಸೆಲ್ಸಿಯಸ್ ನೀರಿಗೆ ಹೇಳಿದ್ದು. ತಾಪ ಒಂದೊಂದು ಡಿಗ್ರಿ ಇಳಿದಂತೆ ಹರಿವು ಹೆಚ್ಚುಕಡಿಮೆ 3% ಕುಗ್ಗುತ್ತದೆ; 4 ಡಿಗ್ರಿಯ ರಸದಲ್ಲಿ ಅರ್ಧ ಉಳಿದರೆ ಹೆಚ್ಚು. ಮೂರು ಮೆಂಬ್ರೇನುಗಳ ದಿನಕ್ಕೆ 450 ಗ್ಯಾಲನ್ನಿಗೆ, ಅಂದರೆ ಸುಮಾರು 1,700 ಲೀಟರಿಗೆ, ಗಂಟೆಗೆ 70 ಲೀಟರ್ ಆಗಬೇಕಿತ್ತು, ನಿಮಗೆ 30 ಸಿಗುತ್ತಿದೆ. ಯಂತ್ರ ಸರಿಯಾಗಿಯೇ ಇದೆ. ಹಾಗೆಂದು ರಸ ಬಿಸಿ ಮಾಡಲು ಹೋಗಬೇಡಿ. ಯಂತ್ರವನ್ನು ಹೆಪ್ಪುಗಟ್ಟದ ಕೋಣೆಯಲ್ಲಿಟ್ಟು ಇನ್ನೊಂದು ಗಂಟೆ ಕಾಯುವುದೇ ಮೇಲು.

ಬೆಳಿಗ್ಗೆ ಚೆನ್ನಾಗಿದ್ದ ಹರಿವು ಸಂಜೆಗೆ ಕುಸಿದರೆ ಮಾತು ಬೇರೆ. ಪಂಪಿನ ಸದ್ದು ಬದಲಾಗಿ ಗೇಜಿನ ಮುಳ್ಳು ಇಳಿದಿದ್ದರೆ ಸೆಡಿಮೆಂಟ್ ಫಿಲ್ಟರ್ ಕಟ್ಟಿದೆ, ಪಂಪಿಗೆ ರಸ ಸಾಲುತ್ತಿಲ್ಲ, ಕಾರ್ಟ್ರಿಜ್ ಬದಲಿಸಿ. ಒತ್ತಡ ಇದ್ದೂ ನೀರು ಕಡಿಮೆಯಾಗಿದ್ದರೆ ಮೆಂಬ್ರೇನಿನ ಮೈಗೆ ಲೋಳೆ ಹತ್ತಿದೆ. ವಾಲ್ವ್ ಪೂರ್ತಿ ತೆರೆದು ನೀರು ಹಾಯಿಸಿ ತೊಳೆಯಿರಿ. ಋತುವಿನ ಕೊನೆಯಲ್ಲಿ ರಸ ಮಬ್ಬಾಗಿ ಬರುವಾಗ ಇದು ಸಾಮಾನ್ಯ.

ಪ್ರಶ್ನೆ: ಹೊರಬರುವ ನೀರಿನ ಟಿಡಿಎಸ್ (ಕರಗಿದ ವಸ್ತುಗಳ ಪ್ರಮಾಣ) 10ಕ್ಕಿಂತ ಕಡಿಮೆ. ಸಕ್ಕರೆ ಸೋರುತ್ತಿಲ್ಲ ಎಂದು ನಂಬಬಹುದೇ?

ಉತ್ತರ: ಟಿಡಿಎಸ್ ಮೀಟರಿಗೆ ಸಕ್ಕರೆ ಕಾಣುವುದೇ ಇಲ್ಲ. ಅದು ಅಳೆಯುವುದು ನೀರು ವಿದ್ಯುತ್ತನ್ನು ಎಷ್ಟು ಹರಿಸುತ್ತದೆ ಎಂಬುದನ್ನು; ಸಕ್ಕರೆ ವಿದ್ಯುತ್ ಹರಿಸುವುದಿಲ್ಲ. ಆದರೆ ರಸದಲ್ಲಿ ಲವಣಗಳೂ ಇರುವುದರಿಂದ, ನಿನ್ನೆ 8 ಇದ್ದದ್ದು ಇವತ್ತು 60 ಆದರೆ ಎಲ್ಲೋ ಸೋರಿಕೆ ಇದೆ ಎಂಬ ಸುಳಿವಾದರೂ ಸಿಗುತ್ತದೆ. ನಂಬಬೇಕಾದದ್ದು ಸಕ್ಕರೆಯ ಪ್ರಮಾಣ ಅಳೆಯುವ ರಿಫ್ರಾಕ್ಟೋಮೀಟರನ್ನು, ಇಲ್ಲವೇ ನಾಲಿಗೆಯನ್ನು. ನೀರು ಸಿಹಿ ಎನಿಸಿದರೆ ಮೆಂಬ್ರೇನಿನ ಮೂತಿಯಲ್ಲಿರುವ ಎರಡು ಪುಟ್ಟ ಓ-ರಿಂಗ್‌ಗಳನ್ನು ನೋಡಿ. ಒಂದು ಮಡಚಿ ಕೂತಿರುತ್ತದೆ. ನೀರು ಸಿಹಿಯಿಲ್ಲ, ಆದರೂ ಸಾಂದ್ರತೆ ಏರುತ್ತಿಲ್ಲ ಎಂದಾದರೆ ಸುತ್ತಲಿನ ಅಗಲ ರಬ್ಬರ್ ಪಟ್ಟಿ ಸರಿದು, ರಸ ಮೆಂಬ್ರೇನಿನ ಒಳಹೋಗದೆ ಪಕ್ಕದಿಂದಲೇ ಜಾರಿಹೋಗುತ್ತಿದೆ.

ಪ್ರಶ್ನೆ: ಆರ್‌ಓ ತಂದ ಮೊದಲ ವಾರವೇ ಕೊಪ್ಪರಿಗೆ ಸೀದುಹೋಯಿತು. ಉರಿ ಎಂದಿನಷ್ಟೇ ಇತ್ತು.

ಉತ್ತರ: ಸೀದದ್ದು ಉರಿ ಎಂದಿನಷ್ಟೇ ಇದ್ದದ್ದರಿಂದಲೇ. ದುಪ್ಪಟ್ಟು ಸಕ್ಕರೆಯ ರಸ ಹೊಯ್ದರೆ ಪಾಕದ ಹದ ಅರ್ಧ ಹೊತ್ತಿನಲ್ಲೇ ಬರುತ್ತದೆ. ಕೈ ಮಾತ್ರ ಹಳೆಯ ಗಡಿಯಾರದ ಪ್ರಕಾರ ನಡೆಯುತ್ತಿರುತ್ತದೆ. ತಳದಲ್ಲಿ ನಾಲ್ಕೈದು ಸೆಂಟಿಮೀಟರ್ ರಸ ಸದಾ ಇರಲಿ. ಅಂದಿನ ನೀರು ಕುದಿಯುವ ತಾಪ ಎಷ್ಟೆಂದು ಮೊದಲೇ ನೋಡಿಕೊಂಡು, ಅದಕ್ಕಿಂತ 4 ಡಿಗ್ರಿ ಸೆಲ್ಸಿಯಸ್ ಏರಿದಾಗ ಇಳಿಸಿ. ಗಾಳಿಯ ಒತ್ತಡದ ಜೊತೆ ಕುದಿಬಿಂದುವೂ ದಿನದಿನಕ್ಕೆ ಬದಲಾಗುವುದರಿಂದ ಹೋದ ವಾರದ ಅಂಕಿ ನೆಚ್ಚಬೇಡಿ. ತಳದಲ್ಲಿ ಕೂರುವ ಮರಳಿನಂಥ ಸುಣ್ಣದಂಶವೂ ಈಗ ಬೇಗ ಗಟ್ಟಿಯಾಗುತ್ತದೆ, ಕೊಪ್ಪರಿಗೆಯನ್ನು ಮೊದಲಿಗಿಂತ ಹೆಚ್ಚು ಸಲ ಉಜ್ಜಬೇಕು.

ಪ್ರಶ್ನೆ: ನೀರು ತೆಗೆದ ರಸದ ಸಿರಪ್ಪಿಗೆ ರುಚಿ ಕಡಿಮೆಯೇ?

ಉತ್ತರ: ಆ ರುಚಿ ಹುಟ್ಟುವುದು ಬಿಸಿಯಲ್ಲಿ, ಮತ್ತು ನೀವು ಇನ್ನೂ ಕಾಯಿಸುತ್ತಲೇ ಇದ್ದೀರಿ. 4%ರ ಮಟ್ಟದಲ್ಲಿ ವ್ಯತ್ಯಾಸ ಹೇಳುವುದು ಕಷ್ಟ. ಬಣ್ಣ ತುಸು ತಿಳಿಯಾಗಬಹುದು. ಮರ ಮೊಗ್ಗೊಡೆಯುವ ಹೊತ್ತಿನ ರಸದ ಕೆಟ್ಟ ವಾಸನೆಯನ್ನು ಮಾತ್ರ ಆರ್‌ಓ ಕಳೆಯುವುದಿಲ್ಲ.

ಪ್ರಶ್ನೆ: ಯಂತ್ರವನ್ನು ತೊಳೆಯುವುದು, ಎತ್ತಿಡುವುದು ಹೇಗೆ? ನಲ್ಲಿ ನೀರು, ಸೋಪು ಸಾಕೇ?

ಉತ್ತರ: ಎರಡೂ ಬೇಡ. ನಲ್ಲಿ ನೀರಿನ ಕ್ಲೋರಿನ್ ಮೆಂಬ್ರೇನನ್ನು ತಿಂದುಹಾಕುತ್ತದೆ, ಸೋಪಿನ ಅಂಶ ಮುಂದಿನ ಸಿರಪ್ಪಿಗೆ ಇಳಿಯುತ್ತದೆ. ಯಂತ್ರ ಹೊರಬಿಟ್ಟ ನೀರೇ ಒಳ್ಳೆಯ ತೊಳೆನೀರು. ಪ್ರತಿ ಸಲ ಅದರಲ್ಲಿ ಇಪ್ಪತ್ತು ಲೀಟರ್ ತೆಗೆದಿಟ್ಟು, ಕೆಲಸ ಮುಗಿದ ಕೂಡಲೇ ವಾಲ್ವ್ ಪೂರ್ತಿ ತೆರೆದು ಹಾಯಿಸಿ. ತೊಳೆದ ನೀರನ್ನು ಮತ್ತೆ ಸುತ್ತಿಸಬೇಡಿ, ಚೆಲ್ಲಿಬಿಡಿ. ರಾತ್ರಿ ಹೌಸಿಂಗ್ (ಮೆಂಬ್ರೇನ್ ಕೂರುವ ಕೊಳವೆ) ಒಳಗೆ ನೀರು ಹೆಪ್ಪುಗಟ್ಟಿದರೆ ಮೆಂಬ್ರೇನ್ ಹೋಯಿತೆಂದೇ ತಿಳಿಯಿರಿ.

ಋತು ಮುಗಿದ ಮೇಲೆ ಒಂದು ಲೀಟರ್ ಅದೇ ನೀರಿಗೆ ಹತ್ತು ಗ್ರಾಂ ಆಹಾರ ದರ್ಜೆಯ ಸೋಡಿಯಂ ಮೆಟಾಬೈಸಲ್ಫೈಟ್ (ಕೆಡದಂತೆ ಕಾಯುವ ಪುಡಿ) ಕರಗಿಸಿ, ಮೆಂಬ್ರೇನುಗಳನ್ನು ಅದರಲ್ಲಿ ಮುಳುಗಿಸಿ, ಗಾಳಿಯಾಡದಂತೆ ಮುಚ್ಚಿ ಫ್ರಿಜ್ಜಿನಲ್ಲಿಡಿ, ಫ್ರೀಜರಿನಲ್ಲಲ್ಲ. ಪುಡಿಯ ಹೊಗೆ ಕೆಮ್ಮು ಬರಿಸುತ್ತದೆ, ಕಿಟಕಿ ತೆರೆದು ಕಲಸಿ. ಜಾಡಿಯ ಮೇಲೆ ಚೀಟಿ ಅಂಟಿಸಲು ಮರೆಯಬೇಡಿ, ಫ್ರಿಜ್ಜಿಗೆ ಕೈ ಹಾಕುವವರು ನೀವೊಬ್ಬರೇ ಅಲ್ಲವಲ್ಲ.